ಮುಂಜಾವಿನ ನೀರು: ಒಂದು ಯೆಹೂದಿ ವಿಧಿಯೂ ಅದರ ಮೂರು ಕಾರಣಗಳೂ

೧

ಯೆಹೂದಿಗಳ ಕೈತೊಳೆಯುವ ವಿಧಿ ಕನ್ನಡ ಓದುಗರಿಗೆ ಬಹುಮಟ್ಟಿಗೆ ಸುವಾರ್ತೆಗಳ ಮೂಲಕವೇ ಪರಿಚಿತವಾಗಿದೆ. ಮಾರ್ಕನ ಏಳನೆಯ ಅಧ್ಯಾಯದಲ್ಲಿ ಫರಿಸಾಯರು ಯೇಸುವಿನ ಶಿಷ್ಯರು ಕೈತೊಳೆಯದೆ ಉಂಡರೆಂದು ಆಕ್ಷೇಪಿಸುತ್ತಾರೆ. ಮತ್ತಾಯನ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪಿಲಾತನು ಜನರೆದುರು ಕೈತೊಳೆದುಕೊಂಡು ಹೊಣೆಯಿಂದ ಜಾರಿಕೊಳ್ಳುತ್ತಾನೆ. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಕ್ಕೆ ತಂದಂದಿನಿಂದ ಈ ಎರಡು ಚಿತ್ರಗಳು ನಮ್ಮ ಭಾಷೆಯೊಳಗೆ ಇವೆ. ಒಂದರಲ್ಲಿ ಕೈತೊಳೆಯುವುದು ಒಣ ಆಚಾರ, ಇನ್ನೊಂದರಲ್ಲಿ ಅದು ಹೊಣೆಗೇಡಿತನ. ಎರಡರಲ್ಲಿಯೂ ಆ ವಿಧಿಯನ್ನು ಆಚರಿಸುವವರ ಮಾತು ನಮಗೆ ಕೇಳಿಸುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸುವುದು ಊಟದ ಮುನ್ನಿನ ಕೈತೊಳೆಯುವಿಕೆಯನ್ನಲ್ಲ. ಬೆಳಗ್ಗೆ ಎಚ್ಚರವಾದೊಡನೆ ಮಾಡುವ ಕೈತೊಳೆಯುವಿಕೆಯನ್ನು. ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ನೆತಿಲತ್ ಯದಾಯಿಮ್’ ಎಂಬ ಹೆಸರಿದೆ. ಇದನ್ನು ವಿವರಿಸುವ ಎರಡು ಸುಲಭದ ಓದುಗಳು ಪ್ರಚಾರದಲ್ಲಿವೆ. ಇದು ಪ್ರಾಚೀನರ ಆರೋಗ್ಯಶಾಸ್ತ್ರ ಎಂಬುದು ಒಂದು. ಇದು ಯೆಹೂದಿಗಳ ‘ಮಡಿ’ ಎಂಬುದು ಇನ್ನೊಂದು. ಎರಡೂ ಪಠ್ಯಗಳ ಪರೀಕ್ಷೆಯಲ್ಲಿ ಪೂರ್ಣವಾಗಿ ನಿಲ್ಲಲಾರವು ಎಂಬುದು ನಮ್ಮ ವಾದ.

೨

ಮೊದಲು ವಿಧಿಯ ಸ್ವರೂಪ. ಎಚ್ಚರಗೊಂಡವನು ಹಾಸಿಗೆಯಲ್ಲಿಯೇ ‘ಮೋದೆ ಅನಿ’ ಎಂಬ ಪುಟ್ಟ ಪ್ರಾರ್ಥನೆಯನ್ನು ಹೇಳುತ್ತಾನೆ. ಪ್ರಾಣವನ್ನು ಮರಳಿ ಕೊಟ್ಟ ಅರಸನಿಗೆ ಸಲ್ಲಿಸುವ ಕೃತಜ್ಞತೆ ಅದು. ಹೇಳುವವಳು ಹೆಣ್ಣಾದರೆ ಕ್ರಿಯಾರೂಪ ‘ಮೋದಾ’ ಎಂದಾಗುತ್ತದೆ. ಬಳಿಕ ಪಾತ್ರೆಯನ್ನು ಬಲಗೈಯಲ್ಲಿ ಎತ್ತಿ, ಎಡಗೈಗೆ ಸಾಗಿಸಿ, ಮೊದಲು ಬಲಗೈಯ ಮೇಲೆ, ಅನಂತರ ಎಡಗೈಯ ಮೇಲೆ, ಹೀಗೆ ಒಂದಾದ ಮೇಲೊಂದರಂತೆ ಮೂರು ಮೂರು ಬಾರಿ ನೀರೆರೆಯುವುದು ರೂಢಿ. ಬಿದ್ದ ನೀರನ್ನು ಒಂದು ಬೋಗುಣಿಯಲ್ಲಿ ಹಿಡಿಯುತ್ತಾರೆ. ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸುವುದಿಲ್ಲ, ಜನ ನಡೆದಾಡುವೆಡೆ ಚೆಲ್ಲುವುದಿಲ್ಲ. ಕೈತೊಳೆಯದೆ ನಾಲ್ಕು ಮೊಳ ನಡೆಯಬಾರದೆಂಬ ಕಟ್ಟುನಿಟ್ಟನ್ನು ಪಾಲಿಸುವವರು ಹಿಂದಿನ ರಾತ್ರಿಯೇ ಮಂಚದ ಬದಿಯಲ್ಲಿ ನೀರು ಇಟ್ಟುಕೊಂಡು ಮಲಗುತ್ತಾರೆ. ಪೂರ್ವ ಯೂರೋಪಿನ ಯಿದ್ದಿಶ್ ಭಾಷಿಕರು ಈ ನೀರನ್ನು ‘ನೆಗೆಲ್ ವಾಸೆರ್’, ಅಂದರೆ ಉಗುರುನೀರು, ಎಂದು ಕರೆದರು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ಮೋದೆ ಅನಿ’ಯಲ್ಲಿ ದೇವರ ಪವಿತ್ರನಾಮ ಬರುವುದಿಲ್ಲ, ಆದ್ದರಿಂದಲೇ ಅದನ್ನು ತೊಳೆಯದ ಕೈಯಲ್ಲಿ ಹೇಳಬಹುದು. ನಾಮವಿರುವ ಪ್ರಾರ್ಥನೆಗಳೆಲ್ಲ ನೀರಿನ ಅನಂತರ. ಕೃತಜ್ಞತೆ ನೀರಿಗಾಗಿ ಕಾಯುವುದಿಲ್ಲ, ನಾಮೋಚ್ಚಾರಣೆ ಕಾಯುತ್ತದೆ. ವಿಶೇಷವೆಂದರೆ ‘ಮೋದೆ ಅನಿ’ ಈ ವಿಧಿಗಿಂತ ಬಹಳ ಈಚಿನದು. ಅದು ಮೊದಲು ಕಾಣುವುದು ಸಫೇದ್ ಪ್ರದೇಶದ ಮೋಶೆ ಬೆನ್ ಮಾಖಿರ್ ರಚಿಸಿದ, ೧೫೯೯ರಲ್ಲಿ ಅಚ್ಚಾದ ‘ಸೇದೆರ್ ಹಯೋಮ್’ ಗ್ರಂಥದಲ್ಲಿ. ಹಳೆಯ ವಿಧಿಯೊಂದು ತನ್ನ ಮುಂದೆ ಒಂದು ಖಾಲಿ ಜಾಗವನ್ನು ಉಳಿಸಿಕೊಂಡಿತ್ತು. ಹದಿನಾರನೆಯ ಶತಮಾನ ಅದನ್ನು ತುಂಬಿತು.

೩

ಈ ವಿಧಿ ಏಕೆ? ಬಾಬಿಲೋನಿನ ತಾಲ್ಮುದ್ ಒಂದೇ ಎಡೆಯಲ್ಲಿ, ಒಂದೇ ದನಿಯಲ್ಲಿ ಉತ್ತರಿಸುವುದಿಲ್ಲ. ‘ಬೆರಾಖೋತ್’ ಭಾಗದಲ್ಲಿ ಕೈತೊಳೆಯುವಿಕೆ ಬೆಳಗಿನ ಸ್ತೋತ್ರಗಳ ಸಾಲಿನಲ್ಲಿ, ಪ್ರಾರ್ಥನೆಯ ಸಿದ್ಧತೆಯಾಗಿ ಬರುತ್ತದೆ. ‘ಶಬ್ಬಾತ್’ ಭಾಗದಲ್ಲಿಯಾದರೋ ಅದು ಕಣ್ಣಿನ ಔಷಧಗಳ ಚರ್ಚೆಯ ನಡುವೆ ಬರುತ್ತದೆ. ಅಲ್ಲಿ ಶ್ಮುಯೇಲನೆಂಬ ಆಚಾರ್ಯ ಬೆಳಗಿನ ತಣ್ಣೀರ ಹನಿಯನ್ನೂ ಸಂಜೆ ಬಿಸಿನೀರಿನಲ್ಲಿ ಕೈಕಾಲು ತೊಳೆಯುವುದನ್ನೂ ಎಲ್ಲ ಅಂಜನಗಳಿಗಿಂತ ಮಿಗಿಲೆನ್ನುತ್ತಾನೆ. ತೊಳೆಯದ ಕೈಯಿಂದ ಕಣ್ಣು, ಮೂಗು, ಬಾಯಿ, ಕಿವಿಗಳನ್ನು ಮುಟ್ಟುವುದರ ವಿರುದ್ಧ ಕಠೋರವಾದ ಎಚ್ಚರಿಕೆಯೂ ಅಲ್ಲಿದೆ. ಆರೋಗ್ಯಶಾಸ್ತ್ರದ ಓದಿಗೆ ಇಷ್ಟು ಆಧಾರವಿದೆಯೆಂಬುದನ್ನು ನಾವು ಒಪ್ಪಲೇಬೇಕು. ಆದರೆ ಅದರ ಬೆನ್ನಿಗೇ ರಬ್ಬಿ ನಾತಾನನ ಮಾತು ಬರುತ್ತದೆ: ಕೈಯ ಮೇಲೆ ಕುಳಿತಿರುವವಳು ‘ಬತ್ ಹೋರೀನ್’, ಸ್ವತಂತ್ರರ ಮಗಳು, ಮೂರು ಬಾರಿ ತೊಳೆಯುವತನಕ ಅವಳು ಬಿಡುವುದಿಲ್ಲ. ಇವಳು ಯಾರು? ಇರುಳಿನಲ್ಲಿ ಕೈಯ ಮೇಲೆ ಬಂದಿಳಿಯುವ ‘ರೂಅಹ್ ರಾಅ’ ಎಂದು ವ್ಯಾಖ್ಯಾನಕಾರ ರಾಶಿಯ ವಿವರಣೆ. ಮೂರು ಎಂಬ ಎಣಿಕೆ ಕೊಳೆಗೆ ಸಂಬಂಧಿಸಿದ್ದಲ್ಲ, ಅವಳ ಹಟಕ್ಕೆ ಸಂಬಂಧಿಸಿದ್ದು.

ಮಧ್ಯಯುಗದಲ್ಲಿ ಈ ಎಳೆಗಳು ಮೂರು ಸ್ಪಷ್ಟ ಕಾರಣಗಳಾಗಿ ಬೇರ್ಪಟ್ಟವು. ಜರ್ಮನಿಯಿಂದ ಸ್ಪೇನಿಗೆ ವಲಸೆ ಬಂದ ಆಶೇರ್ ಬೆನ್ ಯೆಹಿಯೇಲ್ (ಮರಣ ೧೩೨೭), ‘ರೋಶ್’ ಎಂದೇ ಪ್ರಸಿದ್ಧನಾದವನು, ಹೇಳುವುದಿಷ್ಟು: ಕೈಗಳು ಸುಮ್ಮನಿರುವ ಅಂಗಗಳಲ್ಲ, ನಿದ್ರೆಯಲ್ಲಿ ಅವು ಮೈಯ ಮುಚ್ಚಿದ ಭಾಗಗಳನ್ನು ಮುಟ್ಟಿರುತ್ತವೆ, ಆದ್ದರಿಂದ ಪ್ರಾರ್ಥನೆಗೆ ಮುನ್ನ ತೊಳೆಯಬೇಕು. ಬಾರ್ಸಿಲೋನಾದ ಶ್ಲೋಮೋ ಬೆನ್ ಅದ್ರೆತ್ (೧೨೩೫–೧೩೧೦), ‘ರಷ್‌ಬಾ’, ಇದರಿಂದ ತೃಪ್ತನಾಗುವುದಿಲ್ಲ. ಅವನ ಪ್ರಕಾರ ಎಚ್ಚರಗೊಂಡ ಮನುಷ್ಯ ಹೊಸದಾಗಿ ಸೃಷ್ಟಿಯಾದ ಜೀವಿ. ದೇವಾಲಯದ ಯಾಜಕನು ಸೇವೆಗೆ ಮೊದಲು ತಾಮ್ರದ ಗಂಗಾಳದ ನೀರಿನಿಂದ ಕೈಗಳನ್ನು ಪವಿತ್ರಗೊಳಿಸಿಕೊಂಡಂತೆ ಇವನೂ ಪಾತ್ರೆಯಿಂದ ನೀರೆರೆದುಕೊಳ್ಳಬೇಕು. ಮೂರನೆಯದು ‘ಜೋಹರ್’ ಮೊದಲಾದ ಅನುಭಾವ ಗ್ರಂಥಗಳು ಬೆಳೆಸಿದ ಕಾರಣ: ನಿದ್ರೆ ಸಾವಿನ ಅರುವತ್ತರಲ್ಲೊಂದು ಪಾಲು, ಆತ್ಮ ಹೊರಟ ದೇಹದ ಮೇಲೆ ಅಶುದ್ಧಿ ಇಳಿಯುತ್ತದೆ, ಆತ್ಮ ಮರಳಿದಾಗ ಅದು ಬೆರಳುಗಳಲ್ಲಿ ಉಳಿದಿರುತ್ತದೆ.

೪

ಈ ಮೂರರಲ್ಲಿ ನಿಜವಾದ ಕಾರಣ ಯಾವುದು? ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಯನ್ನು ಹೀಗೆ ಕೇಳುವುದೇ ತಪ್ಪು. ವಿಧಿಯ ಒಂದೊಂದು ಅಂಗವನ್ನು ಒಂದೊಂದು ಕಾರಣ ವಿವರಿಸುತ್ತದೆ. ಯಾವುದೊಂದೂ ಎಲ್ಲವನ್ನೂ ವಿವರಿಸದು. ಮೂರು ಬಾರಿ ಎರೆಯುವುದಕ್ಕೆ ರೋಶ್‌ನಲ್ಲಿ ಉತ್ತರವಿಲ್ಲ. ಕೊಳೆ ಹೋಗಲು ಒಂದು ಬಾರಿ ಸಾಕಾಗಬಹುದು, ಹತ್ತು ಬಾರಿಯೂ ಸಾಲದಿರಬಹುದು. ಪಾತ್ರೆಯೇ ಏಕೆ ಎಂಬುದಕ್ಕೆ ರಷ್‌ಬಾನ ಯಾಜಕನಲ್ಲಿ ಉತ್ತರವಿದೆ. ಇನ್ನು ನೀರೇ ಇಲ್ಲದವನು ಮಣ್ಣು, ಕಲ್ಲಹರಳು, ಮರದ ಸಿಬಿರಿನಿಂದ ಕೈ ಒರೆಸಿಕೊಳ್ಳಬಹುದೆಂಬ ಅನುಮತಿ ತಾಲ್ಮುದಿನಲ್ಲಿಯೇ ಇದೆ; ಇದನ್ನು ವಿವರಿಸಬಲ್ಲವನು ರೋಶ್ ಒಬ್ಬನೇ.

ಯೋಸೇಫ್ ಕಾರೋ (೧೪೮೮–೧೫೭೫) ಸಂಕಲಿಸಿದ, ೧೫೬೫ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ‘ಶುಲ್ಹಾನ್ ಆರೂಖ್’ ಎಂಬ ಧರ್ಮಸಂಹಿತೆಯನ್ನು ಇಲ್ಲಿ ಸೂಕ್ಷ್ಮವಾಗಿ ಓದಬೇಕು. ನೀರಿಲ್ಲದೆ ಒರೆಸಿಕೊಂಡವನ ಬಗ್ಗೆ ಅದರ ತೀರ್ಪು ಹೀಗಿದೆ: ಅವನು ಸ್ತೋತ್ರದ ಪದವನ್ನು ಬದಲಿಸಿ ‘ಕೈಗಳ ಶುಚಿತ್ವ’ ಎಂದು ಹೇಳಬೇಕು, ಪ್ರಾರ್ಥನೆಗೆ ಅಷ್ಟು ಸಾಕು, ಆದರೆ ದುಷ್ಟಗಾಳಿಯನ್ನು ಕಳೆಯಲು ಅದು ಸಾಲದು. ಒಂದೇ ಕೈ ಒಂದು ಲೆಕ್ಕದಲ್ಲಿ ಶುಚಿ, ಇನ್ನೊಂದು ಲೆಕ್ಕದಲ್ಲಿ ಅಲ್ಲ. ಕಾರೋ ವಾದಿಗಳಲ್ಲಿ ಒಬ್ಬನನ್ನು ಗೆಲ್ಲಿಸುವುದಿಲ್ಲ. ಇಬ್ಬರ ಮಾತನ್ನೂ ಒಂದೇ ವಾಕ್ಯದಲ್ಲಿ ಕೂರಿಸುತ್ತಾನೆ. ಆರೋಗ್ಯಶಾಸ್ತ್ರದ ಓದು ಸೋಲುವುದು ಇಲ್ಲಿಯೇ. ಶುಚಿತ್ವವೇ ವಿಧಿಯ ಪೂರ್ಣಾರ್ಥವಾಗಿದ್ದರೆ ಈ ವಾಕ್ಯದ ಉತ್ತರಾರ್ಧವೇ ಬೇಕಿರಲಿಲ್ಲ.

ಇರುಳೆಲ್ಲ ಎಚ್ಚರವಿದ್ದವನ ಪ್ರಶ್ನೆ ಇನ್ನೂ ತೊಡಕಿನದು. ಶಾವುಓತ್ ಹಬ್ಬದ ರಾತ್ರಿ ಶಾಸ್ತ್ರಾಧ್ಯಯನ ಮಾಡುತ್ತ ಬೆಳಗು ಮಾಡುವ ಪದ್ಧತಿಯಿರುವುದರಿಂದ ಇದು ಬರಿಯ ತರ್ಕದ ಮಾತಲ್ಲ. ಅವನ ಕೈಗಳು ನಿದ್ರೆಯಲ್ಲಿ ಅಲೆದಿಲ್ಲ. ರೋಶ್‌ನ ಕಾರಣ ಬಿದ್ದುಹೋಯಿತು. ದುಷ್ಟಗಾಳಿ ಬರುವುದು ನಿದ್ರೆಯಿಂದಲೋ ಇರುಳಿನಿಂದಲೋ? ಬೆಳಗು ಎಲ್ಲರಿಗೂ ಹೊಸತಾದುದರಿಂದ ರಷ್‌ಬಾನ ಕಾರಣ ಉಳಿಯಿತೆನ್ನಬಹುದೇ? ಕಾರೋ ಇದನ್ನು ಸಂದೇಹವೆಂದೇ ಬಿಡುತ್ತಾನೆ. ಕ್ರಾಕೋವಿನ ಮೋಶೆ ಇಸ್ಸೆರ್ಲೆಸ್ ಸ್ತೋತ್ರವಿಲ್ಲದೆ ತೊಳೆಯಬೇಕೆನ್ನುತ್ತಾನೆ. ‘ಮಿಶ್ನಾ ಬೆರೂರಾ’ ಬರೆದ ಯಿಸ್ರಾಯೇಲ್ ಮೇಯಿರ್ ಕಗಾನ್ (ಮರಣ ೧೯೩೩) ಮೊದಲು ದೇಹಬಾಧೆಯನ್ನು ತೀರಿಸಿಕೊಂಡು ಆಮೇಲೆ ಸ್ತೋತ್ರಸಹಿತ ತೊಳೆಯುವ ದಾರಿಯನ್ನು ತೋರಿಸುತ್ತಾನೆ. ಕಾರಣ ಸಂದಿಗ್ಧವಾದಾಗಲೂ ನೀರು ನಿಲ್ಲುವುದಿಲ್ಲ. ಸಂಕೋಚಪಡುವುದು ಮಾತು ಮಾತ್ರ. ದೇವರ ಹೆಸರನ್ನು ವ್ಯರ್ಥವಾಗಿ ಹೇಳಿದಂತಾದೀತೆಂಬ ಅಂಜಿಕೆ ಅದರ ಹಿಂದಿದೆ.

ದುಷ್ಟಗಾಳಿಯ ವಿಷಯದಲ್ಲಿ ಸಂಪ್ರದಾಯದೊಳಗೇ ಭಿನ್ನಮತವಿತ್ತೆಂಬುದನ್ನೂ ಹೇಳಬೇಕು. ಮೈಮೊನಿದೆಸ್ (ಮರಣ ೧೨೦೪) ಬೆಳಗಿನ ಪ್ರಾರ್ಥನೆಗೆ ಮುಖ, ಕೈ, ಕಾಲುಗಳನ್ನು ತೊಳೆಯಬೇಕೆಂದು ವಿಧಿಸಿ, ಅಲ್ಲಿ ಈ ಗಾಳಿಯ ಸುದ್ದಿಯನ್ನೇ ಎತ್ತುವುದಿಲ್ಲ. ಫ್ರಾನ್ಸಿನ ತೋಸಾಫೋತ್ ವ್ಯಾಖ್ಯಾನಕಾರರು ತಮ್ಮ ಸೀಮೆಯಲ್ಲಿ ಆ ಗಾಳಿ ನೆಲೆಸದು ಎಂದದ್ದುಂಟು. ನಂಬಿಕೆ ಸಡಿಲವಾದೆಡೆಯೂ ವಿಧಿ ಉಳಿಯಿತು.

೫

ಇನ್ನು ‘ಮಡಿ’ಯ ಓದು. ಕನ್ನಡಕ್ಕೆ ಈ ಪಠ್ಯಗಳನ್ನು ತರುವವರಿಗೆ ಆ ಪದ ಕೈಗೆಟುಕುವಷ್ಟು ಹತ್ತಿರದಲ್ಲಿದೆ, ಅದೇ ಅಪಾಯ. ನಮ್ಮ ಬಳಕೆಯಲ್ಲಿ ಮಡಿ ಕೆಲವರು ಉಟ್ಟು ನಿಲ್ಲುವ ಸ್ಥಿತಿ. ಇನ್ನೊಬ್ಬರ ಸ್ಪರ್ಶದಿಂದ ಅದು ಕೆಡುತ್ತದೆ. ಮೈಲಿಗೆ ಎಂಬ ಮಾತು ಇತರ ಮನುಷ್ಯರತ್ತ ಬೆರಳು ಮಾಡಿದ ಚರಿತ್ರೆಯನ್ನು ಹೊತ್ತಿದೆ. ಮುಂಜಾವಿನ ಈ ಅಶುದ್ಧಿ ಇನ್ನೊಬ್ಬ ಮನುಷ್ಯನಿಂದ ಬರುವುದಲ್ಲ. ಅದು ನಿದ್ರೆಯಿಂದ ಬರುತ್ತದೆ. ನಿದ್ರೆ ಯಾಜಕನಿಗೂ ಕೂಲಿಯವನಿಗೂ ಒಂದೇ. ಅದನ್ನು ಕಳೆಯಲು ಪುರೋಹಿತ ಬೇಕಿಲ್ಲ. ರಷ್‌ಬಾನ ಹೋಲಿಕೆಯಲ್ಲಿಯಂತೂ ಪ್ರತಿ ಗೃಹಸ್ಥನೂ ತನ್ನ ಹಾಸಿಗೆಯ ಬದಿಯಲ್ಲಿ ಯಾಜಕನಾಗುತ್ತಾನೆ. ಮಡಿ ಎಂಬ ಅನುವಾದ ಈ ಅರ್ಥವನ್ನು ತಲೆಕೆಳಗು ಮಾಡುತ್ತದೆ.

ಹಾಗೆಂದು ಕನ್ನಡದಲ್ಲಿ ಪದಗಳಿಲ್ಲವೆಂದಲ್ಲ. ಹೀಬ್ರೂವಿನ ‘ರೂಅಹ್’ ಗಾಳಿಯೂ ಹೌದು, ಆತ್ಮವೂ ಹೌದು. ‘ದುರಾತ್ಮ’ ಎಂದರೆ ಅರ್ಧ ಅರ್ಥ ಹಾರಿಹೋಗುತ್ತದೆ. ‘ದೆವ್ವ’ ಎಂದರೆ ಸ್ವತಂತ್ರರ ಮಗಳ ಬಿಗುಮಾನವೇ ಇಲ್ಲವಾಗುತ್ತದೆ. ಆದರೆ ‘ಗಾಳಿ ಸೋಕಿದೆ’ ಎನ್ನುವ ನಮ್ಮ ಹಳ್ಳಿಯ ಮಾತಿನಲ್ಲಿ ಆ ಎರಡು ಅರ್ಥಗಳೂ ಕೂಡಿಯೇ ಇವೆ. ‘ಕೆಟ್ಟ ಗಾಳಿ’ ಎಂಬುದೇ ಇಲ್ಲಿ ನಿಷ್ಠವಾದ ಅನುವಾದ. ಹಾಗೆಯೇ ವಿಧಿಯ ಹೆಸರಿನಲ್ಲಿರುವುದು ತೊಳೆಯುವುದೆಂಬ ಸಾಮಾನ್ಯ ಕ್ರಿಯಾಪದವಲ್ಲ; ‘ನೆತಿಲಾ’ ಎಂದರೆ ಎತ್ತುವುದು, ತೆಗೆದುಕೊಳ್ಳುವುದು. ನೀರೆರೆಯುವ ಪಾತ್ರೆಯ ಅರಮಾಯಿಕ್ ಹೆಸರು ‘ನತ್ಲಾ’ ಕೂಡ ಅದರಲ್ಲಿ ಧ್ವನಿಸುತ್ತದೆ.

ಕನ್ನಡದಲ್ಲಿ ‘ಕೈತೊಳೆದುಕೊಂಡ’ ಎಂದರೆ ಕೈಬಿಟ್ಟ ಎಂದರ್ಥ. ‘ಕೈತೊಳೆದು ಮುಟ್ಟಬೇಕು’ ಎಂದರೆ ಎದುರಿಗಿರುವುದು ಅಷ್ಟು ಚೆಲುವಾದುದು ಎಂದರ್ಥ. ಪಿಲಾತನ ನೀರು ಮೊದಲನೆಯ ನುಡಿಗಟ್ಟಿಗೆ ಸೇರಿದ್ದು. ನಾವು ಇಲ್ಲಿ ಪರಿಶೀಲಿಸಿದ ನೀರು ಎರಡನೆಯದಕ್ಕೆ ಸೇರಿದ್ದು. ಅದು ಹಗಲನ್ನು ಮುಟ್ಟುವ ಮುನ್ನಿನ ನೀರು. ಒಂದು ಸಮುದಾಯದ ನಿತ್ಯವಿಧಿಯನ್ನು ಅದರ ಎದುರಾಳಿಗಳ ಕಥನದಿಂದ ಮಾತ್ರ ಅರಿತವರಿಗೆ ಈ ಅಂತರ ಕಾಣದು. ಅನುವಾದಕನ ಮೊದಲ ಹೊಣೆ ಈ ಅಂತರವನ್ನು ಕಾಣಿಸುವುದು.