ಆಜ್ಞೆಯ ಅರ್ಥ ಮತ್ತು ತರ್ಕದ ಮೌನ: ಹೋರ್ ಅವರ 1969ರ ಲೇಖನದ ಮರುವಿಮರ್ಶೆ

ಪ್ರೋಗ್ರಾಮಿಂಗ್ ಭಾಷೆಗಳ ಅರ್ಥವಿಚಾರದಲ್ಲಿ ಭಾಷಾವಿಜ್ಞಾನಿಗೆ ಕಲಿಯುವಂಥದ್ದು ಹೆಚ್ಚೇನೂ ಇಲ್ಲವೆಂಬ ಅಭಿಪ್ರಾಯವನ್ನು ನಮ್ಮವರ ನಡುವೆ ಆಗಾಗ ಕೇಳುತ್ತೇವೆ. ಅವು ಕೃತಕ ಭಾಷೆಗಳು. ಪ್ರತಿಯೊಂದು ಚಿಹ್ನೆಯ ಅರ್ಥವನ್ನೂ ಮೊದಲೇ ಗೊತ್ತುಪಡಿಸಲಾಗಿದೆ. ಆದುದರಿಂದ ಹೇಳದೆ ಬಿಟ್ಟದ್ದಕ್ಕೆ, ಆಡದೆಯೇ ಒಪ್ಪಿಕೊಂಡದ್ದಕ್ಕೆ ಅಲ್ಲಿ ಎಡೆಯಿಲ್ಲ ಎಂಬುದು ಈ ಅಭಿಪ್ರಾಯದ ಆಧಾರ. ಕಂಪ್ಯೂಟರ್ ಪ್ರೋಗ್ರಾಮಿಂಗ್‌ಗೆ ಸ್ವಯಂಸಿದ್ಧಗಳ ತಳಹದಿ ಹಾಕಿದ ಸಿ. ಎ. ಆರ್. ಹೋರ್ ಅವರ 1969ರ ಕಿರುಲೇಖನವನ್ನು ಗಮನವಿಟ್ಟು ಓದಿದರೆ ಈ ಆಧಾರ ನಿಲ್ಲುವುದಿಲ್ಲ. ಆ ಲೇಖನದ ಬಲವೂ ದೌರ್ಬಲ್ಯವೂ ಅದು ಹೇಳದೆ ಬಿಟ್ಟ ಅರ್ಥದಲ್ಲಿಯೇ ಇವೆ ಎಂಬುದು ಇಲ್ಲಿಯ ವಾದ. (ಹೋರ್ ಅವರು ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರವನ್ನು, ಮಾಸ್ಕೋದಲ್ಲಿದ್ದಾಗ ಯಂತ್ರಾನುವಾದದ ಸಮಸ್ಯೆಗಳಲ್ಲಿ ತೊಡಗಿದ್ದರು. ಅವರನ್ನು ಹೊರಗಿನವರೆಂದು ಬದಿಗಿಡುವುದು ಸುಲಭವಲ್ಲ.)

ಹೋರ್ ಎದುರಿಸಿದ ತೊಡಕು ವ್ಯಾಕರಣಕ್ಕೆ ಹಳೆಯದು. ತರ್ಕವು ನಿಶ್ಚಯಾರ್ಥಕ ವಾಕ್ಯಗಳನ್ನು ಬಲ್ಲದು. ‘ಬಾಗಿಲು ಮುಚ್ಚಿದೆ’ ಎಂಬುದು ದಿಟವೋ ಸಟೆಯೋ ಆಗಿರಬೇಕು. ‘ಬಾಗಿಲು ಮುಚ್ಚು’ ಎಂಬ ವಿಧ್ಯರ್ಥಕ್ಕೆ ಅಂತಹ ಮೌಲ್ಯವಿಲ್ಲ. ಪ್ರೋಗ್ರಾಂ ಎಂಬುದಾದರೋ ಆಜ್ಞೆಗಳ ಮಾಲೆ. ‘ಕ್ಷ’ದ ಬೆಲೆಗೆ ಒಂದನ್ನು ಕೂಡಿಸಿ ‘ಕ್ಷ’ದಲ್ಲಿಯೇ ಇಡು ಎಂಬ ಆಜ್ಞೆಯನ್ನು ವಿದ್ಯಾರ್ಥಿಗಳು ಮೊದಲ ಸಲ ಕಂಡಾಗ ಅದನ್ನು ಸಮೀಕರಣವೆಂದು ಓದಿ, ಇದು ಅಸಾಧ್ಯವೆನ್ನುತ್ತಾರೆ. ‘ಆಗಿದೆ’ ಮತ್ತು ‘ಆಗಲಿ’ ಇವುಗಳ ಅಂತರವನ್ನು ತೋರಿಸಿದೊಡನೆ ಗೊಂದಲ ಕರಗುತ್ತದೆ. ಕನ್ನಡದ ಆಖ್ಯಾತರೂಪಗಳು ಇಲ್ಲಿ ಅಧ್ಯಾಪಕನಿಗೆ ಒಳ್ಳೆಯ ಸಹಾಯ.

ಹೋರ್ ಅವರ ಪರಿಹಾರ, 1967ರಲ್ಲಿ ರಾಬರ್ಟ್ ಫ್ಲಾಯ್ಡ್ ಪ್ರವಾಹನಕ್ಷೆಗಳಿಗೆ ಮಾಡಿದ್ದರ ಮುಂದುವರಿಕೆ: ಆಜ್ಞೆಯ ಎರಡು ಬದಿಗೂ ಒಂದೊಂದು ನಿಶ್ಚಯಾರ್ಥಕ ವಾಕ್ಯವನ್ನು ನಿಲ್ಲಿಸುವುದು. ಪೂರ್ವಸ್ಥಿತಿ ದಿಟವಾಗಿದ್ದು ಆಜ್ಞೆ ನಡೆದು ಮುಗಿದರೆ, ಉತ್ತರಸ್ಥಿತಿ ದಿಟವಾಗುತ್ತದೆ. ಇದರ ಚೆಲುವು ನಿಯಮದ ದಿಕ್ಕಿನಲ್ಲಿದೆ. ಅದು ಹಿಂದಕ್ಕೆ ನಡೆಯುತ್ತದೆ. ಒಂದನ್ನು ಕೂಡಿಸಿದ ಮೇಲೆ ‘ಕ್ಷ’ ಹತ್ತನ್ನು ಮೀರಿರಬೇಕೆಂದಾದರೆ, ಕೂಡಿಸುವ ಮುನ್ನ ‘ಕ್ಷ ಕೂಡು ಒಂದು’ ಹತ್ತನ್ನು ಮೀರಿರಬೇಕು. ಆಜ್ಞೆಯ ಅರ್ಥವೆಂದರೆ ಬೇಕಾದ ಫಲದಿಂದ ಬೇಕಾದ ಆರಂಭಕ್ಕೆ ನಮ್ಮನ್ನು ಒಯ್ಯುವ ಮಾರ್ಗ.

‘ನಡೆದು ಮುಗಿದರೆ’ ಎಂಬ ಮಾತಿನಲ್ಲಿ ಮೊದಲ ಮೌನವಿದೆ. ಮರುಮರಳಿ ಕಳೆಯುತ್ತ ಭಾಗಿಸುವ ಪ್ರೋಗ್ರಾಮೇ ಲೇಖನದ ಮುಖ್ಯ ಉದಾಹರಣೆ. 17ನ್ನು 5ರಿಂದ ಭಾಗಿಸುವಾಗ ಶೇಷವು 17, 12, 7, 2 ಎಂದು ಇಳಿದರೆ ಭಾಗಲಬ್ಧ 0ಯಿಂದ 3ಕ್ಕೆ ಏರುತ್ತದೆ. ಪ್ರತಿ ಸುತ್ತಿನಲ್ಲಿಯೂ ಭಾಜಕ ಭಾಗಲಬ್ಧಗಳ ಗುಣಲಬ್ಧಕ್ಕೆ ಶೇಷವನ್ನು ಕೂಡಿದರೆ 17 ಆಗುತ್ತದೆ. ಭಾಜಕ ಸೊನ್ನೆಯಾದರೆ ಸುತ್ತು ಎಂದಿಗೂ ನಿಲ್ಲದು, ಆದರೂ ಸಾಧನೆ ಸಿಂಧುವಾಗಿಯೇ ಉಳಿಯುತ್ತದೆ. ಹೋರ್ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ಆದರೆ ಪರಿಣಾಮ ಗಂಭೀರ: ಎಂದಿಗೂ ಮುಗಿಯದ ಪ್ರೋಗ್ರಾಂ ಈ ತರ್ಕದಲ್ಲಿ ಯಾವ ಭರವಸೆಯನ್ನೂ ಮುರಿಯುವುದಿಲ್ಲ. ಹಿಂದಿರುಗಿಸುವ ದಿನವನ್ನೇ ಹೇಳದೆ ಸಾಲ ಪಡೆದವನ ಮಾತಿನಂತೆ ಅದು ಎಂದಿಗೂ ಸುಳ್ಳಾಗದು. ಇದನ್ನು ಪೂರ್ಣ ‘ಅರ್ಥನಿರೂಪಣೆ’ ಎಂದು ಕರೆಯಲು ನಾನು ಹಿಂಜರಿಯುತ್ತೇನೆ. 1973ರಲ್ಲಿ ನಿಕ್ಲಾಸ್ ವಿರ್ಥ್ ಜೊತೆಗೆ ಪ್ಯಾಸ್ಕಲ್ ಭಾಷೆಯನ್ನು ಇದೇ ವಿಧಾನದಿಂದ ನಿರೂಪಿಸಿದಾಗಲೂ ವಾಸ್ತವಸಂಖ್ಯೆಗಳ ಲೆಕ್ಕವನ್ನೂ ‘ಗೋ ಟು’ ಆಜ್ಞೆಯನ್ನೂ ಹೊರಗಿಡಬೇಕಾಯಿತು.

ಎರಡನೆಯ ಮೌನ ಬೇರೆ ಬಗೆಯದು, ಹೆಚ್ಚು ಫಲವತ್ತಾದದ್ದು. ಯಂತ್ರದಲ್ಲಿ ಸಂಖ್ಯೆಗಳಿಗೆ ಮಿತಿಯುಂಟು. ಮಿತಿ ಮೀರಿದಾಗ ಏನಾಗಬೇಕು? ಹೋರ್ ಮೂರು ಸಾಧ್ಯತೆಗಳನ್ನು ಮುಂದಿಡುತ್ತಾರೆ: ಫಲವೇ ಇಲ್ಲ, ಪ್ರೋಗ್ರಾಂ ಮುಂದೆ ಸಾಗದು, ಅಥವಾ ಫಲವು ಗರಿಷ್ಠ ಸಂಖ್ಯೆಯಲ್ಲಿಯೇ ನಿಲ್ಲುತ್ತದೆ, ಅಥವಾ ಗಡಿಯಾರದ ಮುಳ್ಳಿನಂತೆ ಸುತ್ತಿ ಮತ್ತೆ ಮೊದಲಿಗೆ ಬರುತ್ತದೆ. ಮೂರಕ್ಕೂ ಸಮಾನವಾದ ಸ್ವಯಂಸಿದ್ಧಗಳನ್ನಷ್ಟೇ ಬಳಸಿದ ಸಾಧನೆ ಮೂರು ಬಗೆಯ ಯಂತ್ರಗಳಲ್ಲಿಯೂ ಸಲ್ಲುತ್ತದೆ. ಭಾಷೆಯ ಕರ್ತೃ ಕೆಲವು ಅರ್ಥಗಳನ್ನು ತಿಳಿದೂ ಅನಿರ್ದಿಷ್ಟವಾಗಿ ಬಿಡಬಹುದು, ಆ ಅನಿರ್ದಿಷ್ಟತೆಯನ್ನೂ ತರ್ಕಬದ್ಧವಾಗಿ ಹೇಳಬಹುದು ಎಂಬುದು ಅರ್ಥವಿಜ್ಞಾನಕ್ಕೆ ದೊಡ್ಡ ಕೊಡುಗೆ.

ಪೂರ್ವಸ್ಥಿತಿಯನ್ನು ಬಾಯಿಬಿಟ್ಟು ಹೇಳದಿದ್ದರೆ ಏನಾಗುತ್ತದೆಂಬುದಕ್ಕೆ 1996ರ ಜೂನ್ 4ರಂದು ನಾಶವಾದ ಏರಿಯಾನ್ 5 ರಾಕೆಟ್ ಸಾಕ್ಷಿ. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳಿಗೆ ಇಳಿಸುವ ಆಜ್ಞೆ ಏರಿಯಾನ್ 4ರಿಂದ ಬಂದದ್ದು. ಹಳೆಯ ರಾಕೆಟ್ಟಿನ ಪಥದಲ್ಲಿ ಆ ಸಂಖ್ಯೆ ಮಿತಿಯೊಳಗೇ ಇರುತ್ತಿತ್ತು. ಹೊಸದರ ಪಥದಲ್ಲಿ ಮಿತಿ ಮೀರಿತು. ಹಾರಾಟಕ್ರಮ ಆರಂಭವಾದ ಸುಮಾರು 40 ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯಿತು. ಆಜ್ಞೆಯ ಅಕ್ಷರಗಳಲ್ಲಿ ಬದಲಾವಣೆಯಿರಲಿಲ್ಲ. ಅದು ಆಡದೆ ಒಪ್ಪಿಕೊಂಡಿದ್ದ ಸಂದರ್ಭ ಬದಲಾಗಿತ್ತು.

ಭಾಷಾವಿಜ್ಞಾನವು ಈ ಪರಂಪರೆಯಿಂದ ಸಾಲ ಪಡೆದದ್ದೂ ಉಂಟು. 1976ರಲ್ಲಿ ವಾನ್ ಪ್ರ್ಯಾಟ್ ಹೋರ್ ಅವರ ವಿಧಾನದಿಂದ ಬೆಳೆಸಿದ ತರ್ಕವು ಗ್ರೂನೆಂಡೈಕ್ ಮತ್ತು ಸ್ಟಾಕ್‌ಹಾಫ್ ಅವರ 1991ರ ‘ಚಲನಶೀಲ’ ತರ್ಕದ ಹಿನ್ನೆಲೆಯಲ್ಲಿದೆ. ಅದರಲ್ಲಿ ವಾಕ್ಯವೂ ಕೇಳುಗನ ಸ್ಥಿತಿಯನ್ನು ಬದಲಿಸುವ ಒಂದು ಬಗೆಯ ಆಜ್ಞೆ. ‘ಒಬ್ಬಳು ಹೆಂಗಸು ಬಂದಳು. ಕುಳಿತಳು.’ ಮೊದಲ ವಾಕ್ಯ ಒಂದು ಚರಾಕ್ಷರಕ್ಕೆ ಬೆಲೆ ಕೊಡುತ್ತದೆ. ಎರಡನೆಯದು ಅದನ್ನು ಬಳಸಿಕೊಳ್ಳುತ್ತದೆ. ಕನ್ನಡದಲ್ಲಿ ಎರಡನೆಯ ವಾಕ್ಯಕ್ಕೆ ಸರ್ವನಾಮವೇ ಬೇಕಿಲ್ಲ, ‘-ಅಳು’ ಎಂಬ ಪ್ರತ್ಯಯವೇ ಆ ಕೆಲಸ ಮಾಡುತ್ತದೆ. ಆದರೆ ‘ಕುಳಿತಳು’ ಎಂದಷ್ಟೇ ಹೇಳಿ, ಮುಂಚೆ ಯಾರನ್ನೂ ಹೆಸರಿಸದಿದ್ದರೆ? ಆ ತರ್ಕದ ಮೂಲರೂಪದಲ್ಲಿ ಎಲ್ಲ ಚರಾಕ್ಷರಗಳಿಗೂ ಮೊದಲೇ ಯಾವುದೋ ಒಂದು ಬೆಲೆ ಇದ್ದೇ ಇರುತ್ತದೆ. ಆದ್ದರಿಂದ ಕೊರತೆ ಕೊರತೆಯಾಗಿ ಕಾಣುವುದೇ ಇಲ್ಲ. ಕನ್ನಡ ಕೇಳುಗನಾದರೋ ಅಲ್ಲಿಯೇ ತಡೆದು ‘ಯಾರು?’ ಎಂದು ಕೇಳುತ್ತಾನೆ. ಹೋರ್ ಅವರ ಮೂರು ಸಾಧ್ಯತೆಗಳಲ್ಲಿ ಮೊದಲನೆಯದನ್ನು, ಮುಂದೆ ಸಾಗದೆ ನಿಲ್ಲುವುದನ್ನು, ಅವನು ಆರಿಸಿಕೊಂಡಿದ್ದಾನೆ.