ಗಿಟಾರಿನ ಮೇಲೆ ತತ್ತ್ವಪದ: ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆ

ಹಳೆಯ ಪದಕ್ಕೆ ಹೊಸ ವಾದ್ಯವು ಸೇರಿದಾಗಲೆಲ್ಲ ಎರಡು ಬಗೆಯ ಮಾತುಗಳು ಹುಟ್ಟುವುವು. ಪದವು ಕೆಟ್ಟಿತೆಂದು ಹಿರಿಯರು ಮರುಗುವರು. ಪದವು ಬದುಕಿತೆಂದು ಕಿರಿಯರು ಹಿಗ್ಗುವರು. ಇವೆರಡೂ ವಾದ್ಯವನ್ನು ಕುರಿತ ಮಾತುಗಳೇ ಹೊರತು ಪದವನ್ನು ಕುರಿತವಲ್ಲ. 2008ರಲ್ಲಿ ಹೊರಬಂದ ಶ್ರೀ ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಅದು ಬಂದು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಸಂದಿರುವುದರಿಂದ, ಅದರ ಗುಣದೋಷಗಳನ್ನು ಈಗ ಸಮಾಧಾನದಿಂದ ತೂಗಿನೋಡುವುದು ಯುಕ್ತವಾಗಿದೆ.

ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದವರು, ಭರತನಾಟ್ಯವನ್ನು ಕ್ರಮವಾಗಿ ಕಲಿತವರು. ಗಿಟಾರು ಅವರ ಕೈಗೆ ಬಂದುದು ನೃತ್ಯದ ತರುವಾಯ. ‘ಅಂತರಾಗ್ನಿ’ ಎಂಬ ಮೇಳವನ್ನು ಕಟ್ಟಿಕೊಂಡು ಅನೇಕ ವರ್ಷ ಹಾಡಿದ ಮೇಲೆ, ಹಿಂದೀ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯು ತಮ್ಮ ಕೌಂಟರ್ ಕಲ್ಚರ್ ಸಂಸ್ಥೆಯ ಮೂಲಕ ಈ ಮುದ್ರಿಕೆಯನ್ನು ಹೊರತಂದಿತು. ಹಾಡುಗಳು ಕನ್ನಡ, ಹಿಂದೀ, ಇಂಗ್ಲಿಷ್ ಮೂರು ಭಾಷೆಗಳಲ್ಲಿವೆ. ಪಶ್ಚಿಮದವರು ಜಾನಪದ ರಾಕ್ ಎಂದು ಕರೆಯುವ ಪಂಗಡಕ್ಕೆ ಇದನ್ನು ಸೇರಿಸುವುದುಂಟು. ಆದರೆ ಇದರ ಬೆನ್ನೆಲುಬು ವಿದ್ಯುತ್ತಿನ ಅಬ್ಬರವಲ್ಲ, ಮರದ ಗಿಟಾರಿನ ತಂತಿಯ ಮೀಟು. ವಿಚಾರಾರ್ಹವಾದುವು ಮುಖ್ಯವಾಗಿ ಕನ್ನಡದ ಎರಡು ಪದಗಳು. ಎರಡೂ ಶಿಶುನಾಳ ಶರೀಫರವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ.

ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಪದಗಳು ಸ್ವರಲಿಪಿಯಲ್ಲಿ ಕಟ್ಟಿಟ್ಟು ಬಂದುವಲ್ಲ. ಬಾಯಿಂದ ಬಾಯಿಗೆ ಹರಿದು ಬಂದುವು. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಂತಹ ಊರುಗಳಲ್ಲಿ, ಹೊಸದುರ್ಗ ಹಿರಿಯೂರುಗಳ ಹಳ್ಳಿಗಳಲ್ಲಿ, ಭಜನೆಯ ಮನೆಯೊಳಗೆ ಏಕತಾರಿ, ದಮ್ಮಡಿ, ತಾಳಗಳೊಡನೆ ತತ್ತ್ವಪದಗಳನ್ನು ಕೇಳಿ ಬಲ್ಲವರಿಗೆ ಈ ಸಂಗತಿ ಹೊಸದಲ್ಲ: ಊರಿಗೊಂದು ಧಾಟಿ, ಮೇಳಕ್ಕೊಂದು ಮಟ್ಟು. ಮುಂದೆ ಏಕತಾರಿಯ ಪಕ್ಕದಲ್ಲಿ ಹಾರ್ಮೋನಿಯಂ ಬಂದು ಕುಳಿತಾಗ ಪದವೇನೂ ಮುರಿದುಬೀಳಲಿಲ್ಲ. ಸಿ. ಅಶ್ವತ್ಥರು ಶರೀಫರನ್ನು ಸುಗಮಸಂಗೀತದ ವೇದಿಕೆಗೂ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ತಂದರು. ಅವರ ಮಟ್ಟುಗಳು ಮನೆಮನೆಯಲ್ಲಿ ಎಷ್ಟು ನೆಲಸಿದುವೆಂದರೆ, ಅವೇ ಮೂಲವೆಂದು ಅನೇಕರು ನಂಬಿದರು. ಆದುದರಿಂದ ದೀಕ್ಷಿತರು ಮೂಲವನ್ನು ಬಿಟ್ಟರೆಂಬ ಆಕ್ಷೇಪಣೆಯು ನಿಲ್ಲತಕ್ಕದ್ದಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಹೊಸ ಮಟ್ಟಿನಲ್ಲಿ ಪದದ ಒಳಗುಟ್ಟು ಕೇಳುವವನ ಕಿವಿಯನ್ನು ದಾಟಿ ಒಳಗೆ ಇಳಿಯುವುದೇ?

ಗುಡುಗುಡಿಯ ಪದವನ್ನು ಮೊದಲು ನೋಡಬಹುದು. ದೇಹವನ್ನೇ ಗುಡುಗುಡಿಯಾಗಿಸಿ, ಒಳಗಿನ ಕಲ್ಮಷವನ್ನು ಸುಟ್ಟು ಅರಿವಿನ ಹೊಗೆಯನ್ನು ಸೇದೆಂದು ಹೇಳುವ ಚಮತ್ಕಾರ ಅದರದು. ಇಲ್ಲಿ ಉಪದೇಶವು ವಿನೋದದ ವೇಷದಲ್ಲಿ ಬರುತ್ತದೆ. ದೀಕ್ಷಿತರ ಮಟ್ಟು ಕುಣಿಯುವ ಮಟ್ಟು, ಅದು ಅನುಚಿತವಲ್ಲ. ಏಕತಾರಿಯವನೂ ಒಂದೇ ಕೈಯಲ್ಲಿ ಶ್ರುತಿಯನ್ನೂ ಲಯವನ್ನೂ ಹಿಡಿದು ಕುಣಿದವನೇ. ಗಿಟಾರಿನ ಬಡಿತವು ಅದೇ ಕೆಲಸವನ್ನು ಮಾಡುತ್ತದೆ. ಹಾಡುವವರ ಕಂಠವು ಬಯಲ ಕಂಠ. ಭಾವಗೀತೆಯ ಗಾಯಕರ ನಯ ಅದರಲ್ಲಿಲ್ಲ, ಇರಬೇಕಾದುದೂ ಇಲ್ಲ. ಆದರೆ ದೋಷವೊಂದುಂಟು. ಪಲ್ಲವಿಯು ಮೈಯನ್ನು ಹಿಡಿದಷ್ಟು ಚರಣಗಳು ಮನಸ್ಸನ್ನು ಹಿಡಿಯುವುದಿಲ್ಲ. ತತ್ತ್ವಪದದ ಪಲ್ಲವಿಯು ಒಗಟನ್ನು ಒಡ್ಡುವುದು. ಅದನ್ನು ಬಿಡಿಸುವುದು ಚರಣ. ಭಜನೆಯಲ್ಲಿ ಚರಣ ಬಂದಾಗ ತಾಳ ತಗ್ಗುವುದು, ಮೇಳ ಕಿವಿಗೊಡುವುದು. ಇಲ್ಲಿ ಲಯವು ಆ ಬಿಡುವನ್ನು ಸಾಕಷ್ಟು ಕೊಡುವುದಿಲ್ಲ. ಸಭೆಯು ಒಗಟನ್ನು ಹಾಡುತ್ತ ಮನೆಗೆ ಹೋಗುವುದು; ಉತ್ತರವು ವೇದಿಕೆಯ ಮೇಲೆಯೇ ಉಳಿದುಬಿಡುವುದು.

ಮಾಳಿಗೆಯ ಪದದಲ್ಲಿ ಈ ಕೊರತೆಯಿಲ್ಲ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬಾಳಿದ ಬಯಲುಸೀಮೆಯವರಿಗೆ ಆ ಪದದ ಅರ್ಥವನ್ನು ವಿವರಿಸಬೇಕಾಗಿಲ್ಲ. ಮಳೆಗೆ ಮುಂಚೆ ಮಾಳಿಗೆಯನ್ನೇರಿ ಮಣ್ಣು ಹಾಕಿ ಬಡಿಯದಿದ್ದರೆ, ಮಳೆ ಹಿಡಿದ ರಾತ್ರಿ ಒಲೆಯ ಮೇಲೂ ಹಾಸಿಗೆಯ ಮೇಲೂ ನೀರು ತೊಟ್ಟಿಕ್ಕುವುದು. ಆ ಗೃಹಕೃತ್ಯದ ತೊಂದರೆಯನ್ನೇ ಶರೀಫರು ಅಜ್ಞಾನದಲ್ಲಿ ಸೋರಿಹೋಗುವ ಬಾಳಿಗೆ ಹೋಲಿಸಿದರು. ದೀಕ್ಷಿತರು ಇದನ್ನು ಮೆಲ್ಲಗೆ ಮೊದಲುಮಾಡಿ, ಬರಬರುತ್ತ ಮೇಳವನ್ನು ತುಂಬಿಸಿಕೊಳ್ಳುವರು. ಇನ್ನೊಂದು ವಿವೇಕವೂ ಮೆಚ್ಚತಕ್ಕದ್ದು: ಮೈಸೂರಿನವರಾಗಿಯೂ ಅವರು ‘ಮನಿ’, ‘ಮಾಳಿಗಿ’ ಎಂಬ ಉತ್ತರದ ನುಡಿಯನ್ನು ತಿದ್ದಿಲ್ಲ. ತಿದ್ದಿದ್ದರೆ ಪ್ರಾಸವು ಉಳಿದರೂ ಮಣ್ಣಿನ ವಾಸನೆ ಹೋಗುತ್ತಿತ್ತು.

ಗಿಟಾರಿನಲ್ಲಿ ಒಂದು ಸಹಜವಾದ ಅಪಾಯವೂ ಅಡಗಿದೆ. ತತ್ತ್ವಪದದ ಮಟ್ಟು ಒಂದೇ ಆಧಾರಶ್ರುತಿಯ ಮೇಲೆ ನಿಂತು ಸುಳಿದಾಡುವುದು. ಗಿಟಾರಾದರೋ ಹಲವು ಸ್ವರಗಳ ಗೊಂಚಲನ್ನು ಒಟ್ಟಿಗೆ ನುಡಿಸಿ, ಆ ಗೊಂಚಲನ್ನು ಮತ್ತೆ ಮತ್ತೆ ಬದಲಿಸುವುದು. ಗೊಂಚಲು ಬದಲಾದಂತೆ ಮಟ್ಟಿನ ಬಣ್ಣವೂ ಬದಲಾಗುವುದರಿಂದ, ವಾದ್ಯವು ಹಾಡನ್ನು ತನ್ನ ದಾರಿಗೆ ಎಳೆದೊಯ್ಯುವ ಸಂಭವ ಹೆಚ್ಚು. ಮಾಳಿಗೆಯ ಪದದಲ್ಲಿ ಗಾಯಕರು ಇದಕ್ಕೆ ವಶವಾಗಿಲ್ಲ. ಬಣ್ಣ ಬದಲಾದಾಗಲೆಲ್ಲ ಅದು ಮಾತಿನ ಭಾರವನ್ನು ಅನುಸರಿಸುತ್ತದೆ. ವಾದ್ಯವು ಪದದ ಸೇವೆಯಲ್ಲಿ ನಿಂತ ಗಳಿಗೆ ಇದೇ.

ಉಳಿದ ಹಾಡುಗಳಲ್ಲಿ ಈ ಪಾಕ ಒಂದೇ ಸಮನಾಗಿಲ್ಲ. ಮರುಬಾಳನ್ನು ಬೇಡುವ ‘ಹೇ ಭಗವಾನ್’ ಎಂಬ ಹಿಂದೀ ಹಾಡಿನಲ್ಲಿ ಉತ್ಸಾಹವುಂಟು. ‘ಮೈಸೂರ್ ಸೇ ಆಯಿ’ ಎಂಬುದರಲ್ಲಿ ಲಾಲಿತ್ಯವುಂಟು. ಆದರೆ ಶರೀಫರ ಮಾತಿನ ತೂಕದ ಮುಂದೆ ಇವು ಹಗುರ. ರಾಗಕಲ್ಪನೆಯು ಒಬ್ಬನದೇ ಆಗಿದ್ದರೂ ಮಾತಿನ ಬಲ ಬೇರೆಯಾದಾಗ ಹಾಡಿನ ಬಲವೂ ಬೇರೆಯಾಗುವುದೆಂಬುದಕ್ಕೆ ಈ ಮುದ್ರಿಕೆಯೇ ಸಾಕ್ಷಿ. ಇದು ತರುಣ ಗಾಯಕರಿಗೆ ಅವಮಾನವಲ್ಲ. ಅಮೆರಿಕದ ಬಾಬ್ ಡಿಲನ್ನನು 1962ರಲ್ಲಿ ಗಿಟಾರು ಹಿಡಿದು ತನ್ನ ಮೊದಲ ತಟ್ಟೆಯನ್ನು ಹೊರತಂದಾಗ, ಹದಿಮೂರು ಹಾಡುಗಳಲ್ಲಿ ಅವನ ಸ್ವಂತ ರಚನೆಗಳು ಎರಡೇ, ಮಿಕ್ಕುವೆಲ್ಲ ಹಿಂದಿನವರವು. 2016ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಪಡೆದವನೂ ಹಿರಿಯರ ಪದಗಳನ್ನು ಹಾಡಿಯೇ ಮಾತನ್ನು ಕಲಿತನು.

2010ರಲ್ಲಿ ದೀಕ್ಷಿತರು ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿದರು, ಮರುವರ್ಷ ಅಲ್ಲಿನ ‘ಸಾಂಗ್‌ಲೈನ್ಸ್’ ಪತ್ರಿಕೆಯು ಹೊಸ ಕಲಾವಿದರಿಗೆ ಕೊಡುವ ಬಹುಮಾನವನ್ನು ಅವರಿಗೆ ಕೊಟ್ಟಿತು. ಕನ್ನಡ ತಿಳಿಯದ ಸಭೆಗಳು ಲಯಕ್ಕೆ ಮನಸೋತುದು ಸಂತೋಷವೇ. ಕನ್ನಡ ತಿಳಿದವರೂ ಲಯಕ್ಕೆ ಮಾತ್ರ ಮನಸೋತರೆ ನಷ್ಟವು ಶರೀಫರದಲ್ಲ, ಕೇಳುವವರದು. ಮನೆಯ ಮಕ್ಕಳು ಗುಡುಗುಡಿಯ ಪದವನ್ನು ಕುಣಿಯುತ್ತ ಹಾಡುವಾಗ ಹಿರಿಯರು ತಡೆಯಬೇಕಾದುದಿಲ್ಲ. ಪಕ್ಕದಲ್ಲಿ ಕುಳಿತು, ಪಲ್ಲವಿಯಾದ ಮೇಲೆ ಒಂದೊಂದೇ ಚರಣವನ್ನು ಹೇಳಿಕೊಟ್ಟರೆ ಸಾಕು. ಮುದ್ರಿಕೆಯಲ್ಲಿ ಅರ್ಧವಾಗಿ ನಿಂತ ಕೆಲಸ ಜಗಲಿಯ ಮೇಲೆ ಪೂರ್ತಿಯಾಗುವುದು.