ಹೊಟೇಲಿಗೂ ಬೇಕು ಸಹೃದಯ

ವಿಮರ್ಶೆ ಎಂದೊಡನೆ ನಮ್ಮ ಮನಸ್ಸು ಕಾವ್ಯದ ಕಡೆಗೆ, ಹೆಚ್ಚೆಂದರೆ ನಾಟಕ ಸಂಗೀತಗಳ ಕಡೆಗೆ ಹರಿಯುವುದು ವಾಡಿಕೆ. ಆದರೆ ಇಂದು ನಮ್ಮ ಪಟ್ಟಣಿಗರು ದಿನ ಬೆಳಗಾದರೆ ಓದಿ, ಅದರಂತೆ ನಡೆದು, ಸಾಧ್ಯವಾದರೆ ತಾವೂ ನಾಲ್ಕು ಸಾಲು ಬರೆಯುವ ವಿಮರ್ಶೆ ಬೇರೆಯೇ ಆಗಿದೆ. ಅದು ಹೊಟೇಲಿನ ವಿಮರ್ಶೆ. ಹೊಸ ಕವನಸಂಗ್ರಹವೊಂದರ ಬಗ್ಗೆ ವರ್ಷವಿಡೀ ಮೂರು ಅಭಿಪ್ರಾಯ ಬಂದರೆ ಕವಿ ಧನ್ಯ; ಹೊಸ ಹೊಟೇಲೊಂದು ಬಾಗಿಲು ತೆರೆದ ಸಂಜೆಯೇ ಅದರ ಮೇಲೆ ಮೂವತ್ತು ತೀರ್ಪುಗಳು ಬಿದ್ದಿರುತ್ತವೆ. ಇದನ್ನು ಕಂಡು ಸಾಹಿತ್ಯದವರು ಮೂಗು ಮುರಿಯಬೇಕಾದ ಕಾರಣವಿಲ್ಲ. ಊಟವೇನೂ ಕ್ಷುದ್ರ ವಿಷಯವಲ್ಲ. ಆದರೆ ಇಷ್ಟೆಲ್ಲ ಬರೆಹ ನಡೆದಿರುವಲ್ಲಿ ವಿಮರ್ಶೆ ಎಷ್ಟು ನಡೆದಿದೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳಲೇಬೇಕಾಗಿದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೊಸ ಬಸ್ ನಿಲ್ದಾಣ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಇವು ಮೂರೂ ಈ ಒಂದು ರಸ್ತೆಗೆ ಹೊಂದಿಕೊಂಡಿವೆ. ಆದ್ದರಿಂದ ಇಲ್ಲಿ ಹಸಿದು ಬರುವವರೂ ಮೂರು ತೆರನಾದವರು. ಬಸ್ಸಿನಿಂದಿಳಿದು ಆಸ್ಪತ್ರೆಗೋ ಕಚೇರಿಗೋ ಹೊರಟ ಹಳ್ಳಿಯವರು, ಪಾಳಿ ಮುಗಿಸಿ ಬಂದ ಕಾರ್ಮಿಕರು, ಬೆಂಗಳೂರು ಮುಂಬಯಿಗಳಿಂದ ಹಾರಿ ಬಂದ ವ್ಯವಹಾರಸ್ಥರು. ಇವರಿಗೆ ತಕ್ಕಂತೆ ರೊಟ್ಟಿಯ ಖಾನಾವಳಿ, ಇಡ್ಲಿ-ದೋಸೆಯ ಉಡುಪಿ ಹೊಟೇಲು, ಸಾವಜಿ, ಗಿರಮಿಟ್ಟು-ಮಿರ್ಚಿಯ ಗಾಡಿ, ತಂಪು ಹವೆಯ ದೊಡ್ಡ ರೆಸ್ಟೋರೆಂಟು ಎಲ್ಲವೂ ಇವೆ. 2011ರ ಜನಗಣತಿಯಲ್ಲಿಯೇ 9 ಲಕ್ಷ ದಾಟಿದ್ದ ಈ ಅವಳಿನಗರದಲ್ಲಿ ‘ಎಲ್ಲಿ ಉಣ್ಣಬೇಕು’ ಎಂಬುದು ನಿಜವಾದ ಪ್ರಶ್ನೆ.

ಮೊದಲು ಪರಸ್ಥಳದವರು ಈ ಪ್ರಶ್ನೆಯನ್ನು ಬೀಡಾ ಅಂಗಡಿಯವನಿಗೆ ಕೇಳುತ್ತಿದ್ದರು. ಅವನು ಕೇಳಿದವರ ಮುಖವನ್ನೂ ಕೈಯಲ್ಲಿದ್ದ ಚೀಲವನ್ನೂ ಒಮ್ಮೆ ನೋಡಿ, “ನಿಮಗ ರೊಟ್ಟಿ ಬೇಕೇನ್ರಿ, ಅನ್ನ ಬೇಕೇನ್ರಿ?” ಎಂದು ತಿರುಗಿ ಕೇಳುತ್ತಿದ್ದ. ಆ ಮರುಪ್ರಶ್ನೆಯಲ್ಲಿ ವಿಮರ್ಶೆಯ ಮೊದಲ ಪಾಠವಿತ್ತು. ಊಟ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಮುಂಚೆ, ಯಾವ ಊಟ, ಯಾರಿಗೆ, ಯಾವ ಹೊತ್ತಿಗೆ ಎಂಬುದು ಇತ್ಯರ್ಥವಾಗಬೇಕು. ಈಗ ಮೊಬೈಲಿನ ಚಿಕ್ಕಿಗಳನ್ನು ಕೇಳುತ್ತೇವೆ. ಅವು ಏನನ್ನೂ ತಿರುಗಿ ಕೇಳುವುದಿಲ್ಲ. ಖಾನಾವಳಿಯನ್ನೂ ಪಂಚತಾರಾ ಹೊಟೇಲನ್ನೂ ಒಂದೇ ಐದು ಚಿಕ್ಕಿಯ ಕೋಲಿನಿಂದ ಅಳೆದು, ಸಾವಿರ ಜನರ ನಾಲಿಗೆಗಳನ್ನು ಕೂಡಿಸಿ ಭಾಗಿಸಿ ಒಂದು ಅಂಕಿಯನ್ನು ಕೈಯಲ್ಲಿಡುತ್ತವೆ.

ವಿನೋದವೆಂದರೆ, ನಮ್ಮ ಕಾವ್ಯಮೀಮಾಂಸೆ ತನ್ನ ಮುಖ್ಯ ಪರಿಭಾಷೆಗಳನ್ನು ಕಡ ತಂದದ್ದು ಅಡಿಗೆಮನೆಯಿಂದಲೇ. ರಸ, ಆಸ್ವಾದ, ಚರ್ವಣ, ಪಾಕ ಇವೆಲ್ಲ ಒಲೆಯ ಮತ್ತು ಎಲೆಯ ಮಾತುಗಳು. ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ತಿಳಿಸಲು ಹೊರಟಾಗ ಅವನಿಗೆ ದೊರೆತ ದೃಷ್ಟಾಂತ ಊಟದ್ದೇ. ನಾನಾ ವ್ಯಂಜನಗಳಿಂದ ಕೂಡಿದ ಅನ್ನವನ್ನು ಉಣ್ಣುವ ‘ಸುಮನಸ’ರು ಹೇಗೆ ರಸಗಳನ್ನು ಸವಿದು ಹರ್ಷ ಹೊಂದುತ್ತಾರೋ ಹಾಗೆಯೇ ಪ್ರೇಕ್ಷಕರು ಭಾವಗಳನ್ನು ಸವಿಯುತ್ತಾರೆ ಎಂದು ಅವನ ಅಭಿಪ್ರಾಯ. ಇಲ್ಲಿ ಗಮನಿಸಬೇಕಾದ ಮಾತು ಸುಮನಸರು ಎಂಬುದು. ಬಾಯಿದ್ದವರೆಲ್ಲ ಉಣ್ಣಬಹುದು, ಆದರೆ ಸವಿಯಲು ಒಳ್ಳೆಯ ಮನಸ್ಸೂ ಬೇಕು. ಮುಂದೆ ಕಾವ್ಯದಲ್ಲಿ ಇವನೇ ಸಹೃದಯನಾದ. ಸಾವಿರ ವರ್ಷ ಅವನನ್ನು ಕಾವ್ಯದ ಪಂಕ್ತಿಯಲ್ಲಿ ಕೂಡ್ರಿಸಿಕೊಂಡ ನಾವು ಅವನನ್ನು ಮತ್ತೆ ಊಟದ ಪಂಕ್ತಿಗೆ ಕಳಿಸಿಕೊಡುವುದು ನ್ಯಾಯವಾಗಿದೆ.

ಕಳಿಸುವಾಗ ಕೆಲವು ಸಲಕರಣೆಗಳನ್ನೂ ಕೊಟ್ಟು ಕಳಿಸಬಹುದು. 10ನೆಯ ಶತಮಾನದ ಸುಮಾರಿನ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಒಂಬತ್ತು ಪಾಕಗಳನ್ನು ಹೇಳುತ್ತಾನೆ. ಮೊದಲಲ್ಲಿ ರುಚಿಯಿಲ್ಲದೆ ಕೊನೆಗೆ ಸವಿಯಾಗುವುದು ಮೃದ್ವೀಕಾಪಾಕ, ಅಂದರೆ ದ್ರಾಕ್ಷಿಯದು. ಮೊದಲಲ್ಲಿ ಉತ್ತಮವೆನಿಸಿ ಕೊನೆಗೆ ಕೆಡುವುದು ಕ್ರಮುಕಪಾಕ, ಅಂದರೆ ಅಡಿಕೆಯದು. ಮೊದಲೂ ಕೊನೆಯೂ ಸವಿಯಾದದ್ದು ನಾರಿಕೇಳಪಾಕ. ಹೊಟೇಲುಗಳಿಗೆ ಇದಕ್ಕಿಂತ ಒಳ್ಳೆಯ ವರ್ಗೀಕರಣ ಎಲ್ಲಿದೆ? ಬಣ್ಣದ ದೀಪ, ಹೊಳೆಯುವ ಮೇಜು, ಮೊದಲ ತಿಂಗಳ ರಿಯಾಯತಿಗಳಿಂದ ಆರಂಭವಾಗಿ ಆರನೆಯ ತಿಂಗಳಿಗೆ ನೀರುಸಾರಿಗೆ ಬಂದು ನಿಲ್ಲುವ ಕ್ರಮುಕಪಾಕದ ಹೊಟೇಲುಗಳನ್ನು ನಾವೆಲ್ಲ ಕಂಡಿದ್ದೇವೆ. ಇಕ್ಕಟ್ಟಾದ ಬೆಂಚು, ಸುಣ್ಣ ಉದುರಿದ ಗೋಡೆಗಳಿಂದ ಮೊದಲಿಗೆ ಹಿಂಜರಿಸಿ, ಎರಡನೆಯ ತುತ್ತಿಗೆ ಒಲಿಸಿಕೊಳ್ಳುವ ಖಾನಾವಳಿ ಮೃದ್ವೀಕಾಪಾಕದ್ದು. ರಾಜಶೇಖರ ಬದನೆಯ ಪಾಕವನ್ನು ಮಾತ್ರ ಮೊದಲಲ್ಲಿ ಮಧ್ಯಮ, ಕೊನೆಗೆ ನೀರಸ ಎಂದು ತೆಗಳಿದ್ದಾನೆ. ಪಾಪ, ಅವನು ನಮ್ಮ ಕಡೆಯ ಎಣ್ಣೆಗಾಯಿಯನ್ನು ಉಂಡಿರಲಿಲ್ಲ!

ಕನ್ನಡದಲ್ಲಿ ಅಡಿಗೆಯ ಶಾಸ್ತ್ರಕ್ಕೆ ಬಡತನವೇನೂ ಇಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅಡಿಗೆಗೂ ಸ್ಥಳವಿದೆ. 16ನೆಯ ಶತಮಾನದ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನೇ ಬರೆದ. ಆದರೆ ಇವೆಲ್ಲ ಹೇಗೆ ಮಾಡಬೇಕೆಂಬ ಲಕ್ಷಣಗ್ರಂಥಗಳು. ಮಾಡಿದ್ದನ್ನು ಹೇಗೆ ತೂಗಬೇಕೆಂಬ ವಿಮರ್ಶೆ ಬೇರೆ. ಅದರ ಬೀಜವನ್ನು ನಾನು ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಕಾಣುತ್ತೇನೆ. ಭತ್ತಕ್ಕೂ ರಾಗಿಗೂ ತಮ್ಮಲ್ಲಿ ಯಾರು ಹೆಚ್ಚೆಂಬ ಜಗಳ ಹತ್ತಿದಾಗ ರಾಮನು ತಟ್ಟನೆ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಆ ಬಳಿಕ ಭತ್ತ ಕಳೆಗುಂದಿತ್ತು. ರಾಗಿ ಗಟ್ಟಿಯಾಗಿ ಉಳಿದಿತ್ತು. ಸಿರಿವಂತರ ಅನ್ನದ ಎದುರು ಬಡವರ ಧಾನ್ಯಕ್ಕೆ ಮರ್ಯಾದೆ ತಂದುಕೊಟ್ಟ ಈ ತೀರ್ಪಿನಲ್ಲಿ ಎರಡು ತತ್ತ್ವಗಳಿವೆ. ಬೆಲೆಯೂ ಬಣ್ಣವೂ ಮೇಲ್ಮೆಯ ಗುರುತಲ್ಲ ಎಂಬುದೊಂದು. ಕಾಲ ಕಳೆಯದೆ ತೀರ್ಪು ಸಲ್ಲದು ಎಂಬುದು ಇನ್ನೊಂದು. ಒಮ್ಮೆ ಉಂಡು, ಕೈ ತೊಳೆಯುವ ಮುಂಚೆಯೇ ತೀರ್ಪು ಬರೆಯುವ ಇಂದಿನ ಆತುರಕ್ಕೆ ಇದಕ್ಕಿಂತ ಮಿಗಿಲಾದ ಮದ್ದಿಲ್ಲ.

ಪರದೇಶದ ಮಾತನ್ನೂ ನೋಡೋಣ. ಫ್ರಾನ್ಸಿನ ಮಿಷೆಲಿನ್ ಎಂಬ ಟಾಯರು ಕಂಪನಿ 1900ರಲ್ಲಿ ಮೋಟಾರು ಪ್ರವಾಸಿಗಳಿಗಾಗಿ ಒಂದು ಕೈಪಿಡಿ ಹೊರಡಿಸಿತು. 1926ರಲ್ಲಿ ಒಳ್ಳೆಯ ಊಟದ ಮನೆಗಳಿಗೆ ನಕ್ಷತ್ರದ ಗುರುತು ಹಾಕತೊಡಗಿತು. ಮುಂದಿನ ದಶಕದಲ್ಲಿ ಅದು ಮೂರು ಮೆಟ್ಟಿಲಾಯಿತು. ಒಂದು ನಕ್ಷತ್ರವೆಂದರೆ ತನ್ನ ವರ್ಗದಲ್ಲಿ ಬಹಳ ಒಳ್ಳೆಯದು. ಎರಡೆಂದರೆ ಬಳಸುದಾರಿಯಾದರೂ ಹೋಗತಕ್ಕದ್ದು. ಮೂರೆಂದರೆ ಅದಕ್ಕಾಗಿಯೇ ಪ್ರಯಾಣ ಕೈಕೊಳ್ಳತಕ್ಕದ್ದು. ಅದರ ಪರೀಕ್ಷಕರು ತಮ್ಮ ಗುರುತು ಹೇಳುವುದಿಲ್ಲ, ಬಿಲ್ಲನ್ನು ತಾವೇ ಕೊಡುತ್ತಾರೆ. ಟಾಯರು ಸವೆಯಲಿ ಎಂಬ ವ್ಯಾಪಾರಬುದ್ಧಿ ಅದರ ಹಿಂದೆ ಇದ್ದರೂ ಇರಲಿ, ಪ್ರತಿಯೊಂದು ನಕ್ಷತ್ರಕ್ಕೂ ಅಲ್ಲಿ ಒಂದು ಅರ್ಥವಿತ್ತು. ನಮ್ಮ ಮೊಬೈಲಿನ ನಾಲ್ಕೂವರೆ ಚಿಕ್ಕಿಗೆ ಅರ್ಥವೇನು? ಊಟ ಚೆನ್ನಾಗಿತ್ತೆಂದೇ, ವಾಹನ ನಿಲ್ಲಿಸಲು ಜಾಗವಿತ್ತೆಂದೇ, ಮಾಲಕರು ಬರೆದವರ ನೆಂಟರೆಂದೇ? ಪುಕ್ಕಟೆ ಉಂಡು ಹೊಗಳುವ ಹೊಸ ವಂದಿಮಾಗಧರೂ ಈಗ ಉಂಟು. ಪುಕ್ಕಟೆ ಪುಸ್ತಕ ಪಡೆದು ವಿಮರ್ಶೆ ಬರೆಯುವ ನಮ್ಮ ಕುಲದವರು ಈ ವಿಷಯದಲ್ಲಿ ಹೆಚ್ಚು ಮಾತಾಡದಿರುವುದೇ ಲೇಸು. ಆದರೂ ಪುಸ್ತಕ ತಿಂದರೆ ಹೊಟ್ಟೆ ತುಂಬುವುದಿಲ್ಲವೆಂಬ ರಕ್ಷಣೆ ನಮಗಿದೆ.

ಕಾವ್ಯದಲ್ಲಿ ಪ್ರಕಾರದ ಪರಿಚಯವಿಲ್ಲದವನು ವಚನದಲ್ಲಿ ಷಟ್ಪದಿಯನ್ನು ಹುಡುಕಿ ನಿರಾಶನಾಗುತ್ತಾನೆ. ಖಡಕ್ ರೊಟ್ಟಿ ಗಟ್ಟಿಯಾಗಿತ್ತೆಂದು ದೂರುವವನೂ ಅದೇ ಜಾತಿಯವನು. ಖಾನಾವಳಿಯನ್ನು ಅಳೆಯಬೇಕಾದವನಿಗೆ ರೊಟ್ಟಿಯ ವ್ಯಾಕರಣ ಸ್ವಲ್ಪವಾದರೂ ತಿಳಿದಿರಬೇಕು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿನೀರು ಹಾಕಿ ನಾದಿದಾಗಲೇ ಹಿಟ್ಟು ಕೂಡಿಕೊಳ್ಳುತ್ತದೆ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಹಿಂಗಾರಿನ ಮಾಲದಂಡಿ ಜೋಳವನ್ನು ಜನ ಬಯಸುವುದು ಸುಮ್ಮನೆ ಅಲ್ಲ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಬೇಯಿಸಿದಾಗ ಅದು ಉಬ್ಬಬೇಕು. ಆ ಉಬ್ಬಿನಲ್ಲಿ ಬಡಿದವಳ ಕೈಯ ಸಮತೂಕ ಕಾಣುತ್ತದೆ. ಜೊತೆಗೆ ಎಣ್ಣೆಗಾಯಿ, ಕಾಳುಪಲ್ಯ, ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು; ಇವು ಒಂದಕ್ಕೊಂದು ಆಸರೆಯಾಗಿ ಬರುವ ಪದಾರ್ಥಗಳು. ಒಂದೊಂದನ್ನೇ ಬಿಡಿಸಿ ಅಂಕ ಕೊಡುವುದೆಂದರೆ ಪದ್ಯದ ಪದಗಳನ್ನು ಬಿಡಿಬಿಡಿಯಾಗಿ ತೂಗಿದಂತೆ.

ಹಾಗೆಯೇ ಬಣ್ಣದ ಮಾತು. ಕೆಂಪು ಕಂಡಲ್ಲೆಲ್ಲ ‘ಭಯಂಕರ ಖಾರ’ ಎಂದು ಬರೆಯುವುದು ಈಗಿನ ರೂಢಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆಯೇ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು. ಸಾವಜಿ ಸಮಾಜದವರ ಮನೆಯಡಿಗೆಯಿಂದ ಬೆಳೆದು ಬಂದ ಮಾಂಸದೂಟದ ಖಾರ ಬೇರೆ. ಅಲ್ಲಿ ಖಾರವೇ ಸ್ಥಾಯಿ, ಉಳಿದವು ಸಂಚಾರಿ. ಅಲ್ಲಿ ಖಾರ ಹೆಚ್ಚಾಯಿತೆಂಬುದು ವಿಮರ್ಶೆಯಾಗಲಾರದು. ಖಾರದ ಹಿಂದೆ ಮಸಾಲೆಯ ಹದ ಉಳಿದಿತ್ತೇ ಎಂಬುದು ವಿಮರ್ಶೆ. ತಿಂಡಿಗಳಿಗೂ ಚರಿತ್ರೆಯಿದೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರ ರವೆ ಇಡ್ಲಿ ಎರಡನೆಯ ಮಹಾಯುದ್ಧಕಾಲದ ಅಕ್ಕಿಯ ಅಭಾವದಲ್ಲಿ ಹುಟ್ಟಿತೆಂದು ತಿಳಿದವನು ಅದನ್ನು ಅಕ್ಕಿಯ ಇಡ್ಲಿಯ ಪಕ್ಕದಲ್ಲಿಟ್ಟು ಸೋಲಿಸಲು ಹೋಗುವುದಿಲ್ಲ.

ಇದೆಲ್ಲ ಪಂಡಿತರ ಕುಯುಕ್ತಿ, ಹಸಿದವನಿಗೆ ವ್ಯಾಕರಣವೇತಕ್ಕೆ ಎಂದು ವಾಚಕರು ಕೇಳಬಹುದು. ಉಣ್ಣುವವನಿಗೆ ಖಂಡಿತ ಬೇಡ. ತೀರ್ಪು ಬರೆಯುವವನಿಗೆ ಬೇಕು. ಏಕೆಂದರೆ ಅವನ ತೀರ್ಪಿನಿಂದ ಅಡಿಗೆ ಬದಲಾಗುತ್ತದೆ. ರೊಟ್ಟಿ ಗಟ್ಟಿ, ಪಲ್ಯ ಕಹಿ, ಚಟ್ನಿ ಒಣ ಎಂಬ ಮಾತುಗಳನ್ನು ದಿನವೂ ಓದಿದ ಮಾಲಕ ಏನು ಮಾಡಬೇಕು? ಎಲ್ಲರಿಗೂ ಒಪ್ಪುವ ಒಂದು ಕೆಂಪು ಸಿಹಿ ಗ್ರೇವಿಯನ್ನು ಬೆಳಿಗ್ಗೆಯೇ ಮಾಡಿಟ್ಟು, ಅದರಲ್ಲಿ ಪನೀರನ್ನೋ ಕಾಜುವನ್ನೋ ತೇಲಿಸುತ್ತಾನೆ. ಅದಕ್ಕೆ ಚಿಕ್ಕಿಗಳು ಬರುತ್ತವೆ, ಪುಂಡಿಪಲ್ಯ ಪಟ್ಟಿಯಿಂದ ಇಳಿಯುತ್ತದೆ. ಹೀಗೆ ಗೋಕುಲ ರಸ್ತೆಯ ಊಟಕ್ಕೂ ಪುಣೆಯ ಯಾವುದೋ ರಸ್ತೆಯ ಊಟಕ್ಕೂ ಭೇದ ಉಳಿಯದಂತಾಗುತ್ತದೆ. ನಷ್ಟವಾಗುವುದು ನಾಲಿಗೆಗೆ ಮಾತ್ರವಲ್ಲ. ದಿನಕ್ಕೆ ನೂರಾರು ರೊಟ್ಟಿ ಬಡಿದು ಮಕ್ಕಳನ್ನು ಓದಿಸುತ್ತಿರುವ ಹೆಂಗಸರ ಕಸುಬು ಈ ಅಂಕಿಯ ಮೇಲೆ ನಿಂತಿದೆ. ಒಂದು ದಿನ ಉಪ್ಪು ಹೆಚ್ಚಾದುದಕ್ಕೆ ವರ್ಷಗಟ್ಟಲೆ ಅಳಿಯದ ಶಿಕ್ಷೆ ಬರೆಯುವವನು ಇದನ್ನು ನೆನೆಯಬೇಕು. ಕೆಟ್ಟ ಕವಿತೆಯನ್ನು ತೆಗಳಿದರೆ ಕವಿ ನೊಂದುಕೊಂಡಾನು, ಆದರೆ ಅವನ ಒಲೆ ಆರುವುದಿಲ್ಲ. ಹಾಗೆಂದು ಕೊಳೆಯನ್ನು, ಕಲಬೆರಕೆಯನ್ನು, ಹಳಸಲನ್ನು ಮುಚ್ಚಿಡಬೇಕೆಂದು ಅರ್ಥವಲ್ಲ. ಅಲ್ಲಿ ಕಠೋರವಾಗಿ ಬರೆಯುವುದೇ ಧರ್ಮ. ಕಠೋರತೆಗೆ ಕಾರಣ ಮಾತ್ರ ಇರಬೇಕು.

ಇನ್ನೊಂದು ಮಾತನ್ನು ನಮ್ಮ ಹೊಟೇಲು ವಿಮರ್ಶಕರು ಎತ್ತುವುದೇ ಇಲ್ಲ. ತಟ್ಟೆಯಲ್ಲಿ ಏನಿದೆ ಎಂದು ನೋಡುವವರು ಪಕ್ಕದಲ್ಲಿ ಯಾರು ಕೂತಿದ್ದಾರೆಂದು ನೋಡುವುದಿಲ್ಲ. ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ ಎಂದಿತ್ತು. ಈಗಿನ ಹೆಸರು ಬಂದದ್ದು 1960ರಲ್ಲಿ. ಆ ಕಾಲದ ಎಷ್ಟೋ ಹೊಟೇಲುಗಳ ಹಲಗೆಯ ಮೇಲೆ ಜಾತಿಯ ಹೆಸರಿರುತ್ತಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಉಪಹಾರಗೃಹ, ಹೊಟೇಲುಗಳ ಹೆಸರನ್ನೇ ಎತ್ತಿ, ಜಾತಿ ಧರ್ಮಗಳ ಕಾರಣದಿಂದ ಯಾರ ಪ್ರವೇಶಕ್ಕೂ ಅಡ್ಡಿ ಮಾಡಕೂಡದೆಂದು ವಿಧಿಸಿತು. ಒಂದು ದೇಶದ ಮೂಲಶಾಸನ ಹೊಟೇಲನ್ನು ನೆನೆದಿದೆಯೆಂದರೆ ಅಲ್ಲಿ ಕೂತು ಉಣ್ಣುವುದು ಎಷ್ಟು ದೊಡ್ಡ ಮಾತಾಗಿತ್ತೆಂದು ಊಹಿಸಬಹುದು. ಹಳ್ಳಿಯ ಕೆಲವು ಚಹದಂಗಡಿಗಳಲ್ಲಿ ಬೇರೆ ಲೋಟ ಇಡುವ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಆದ್ದರಿಂದ ಗೋಕುಲ ರಸ್ತೆಯ ಖಾನಾವಳಿಯೊಂದರಲ್ಲಿ ಗುರುತಿಲ್ಲದ ನಾಲ್ವರು ಒಂದೇ ಮೇಜಿಗೆ ಕೂತು, ಒಂದೇ ಬಟ್ಟಲಿನ ಚಟ್ನಿಯನ್ನು ಒಬ್ಬರಿಗೊಬ್ಬರು ದಾಟಿಸುವುದು ನನ್ನ ದೃಷ್ಟಿಯಲ್ಲಿ ಆ ಊಟದ ಗುಣಗಳಲ್ಲಿ ಒಂದು. ಬಡಿಸುವವರು “ತಗೋರಿ ಅಣ್ಣಾರ, ಅರ್ಧಾರ ತಗೋರಿ” ಎಂದು ಎಲ್ಲರಿಗೂ ಒಂದೇ ದನಿಯಲ್ಲಿ ಅನ್ನುತ್ತಾರೋ, ಅಂಗಿ ನೋಡಿ ದನಿ ಬದಲಿಸುತ್ತಾರೋ ಎಂಬುದನ್ನು ವಿಮರ್ಶಕ ಕಿವಿಗೊಟ್ಟು ಕೇಳಬೇಕು, ಬರೆಯಬೇಕು.

ಹೊಟೇಲಿನ ವಿಮರ್ಶಕನಿಂದ ನಾವು ಅಪೇಕ್ಷಿಸುವುದು ಬಹಳವೇನಲ್ಲ. ತನ್ನ ದುಡ್ಡಿನಿಂದ ಉಣ್ಣಲಿ. ಒಂದು ಸಲವಲ್ಲ, ಮೂರು ಸಲವಾದರೂ, ಬೇರೆ ಬೇರೆ ಹೊತ್ತಿನಲ್ಲಿ ಹೋಗಲಿ. ತಾನು ಕೂತದ್ದು ಯಾವ ಜಾತಿಯ ಊಟಕ್ಕೆ ಎಂಬುದನ್ನು ಬಲ್ಲವರಿಂದ ಕೇಳಿ ತಿಳಿಯಲಿ. ತನಗೆ ಸೇರದ್ದಕ್ಕೂ ಕೆಟ್ಟದ್ದಕ್ಕೂ ಇರುವ ಅಂತರವನ್ನು ಕಾಣಲಿ. ಅಂಕಿಗೆ ಬದಲು ನಾಲ್ಕು ವಾಕ್ಯ ಬರೆಯಲಿ. ಕನ್ನಡದಲ್ಲಿ ಹದ, ಒಗರು, ಜಿಗಿ, ಕಮ್ಮನೆ, ಘಮ ಎಂಬ ಮಾತುಗಳಿನ್ನೂ ಬಳಕೆಯಲ್ಲಿವೆ, ‘ಸೂಪರ್’ ಎಂಬ ಒಂದೇ ಮಾತಿಗೆ ಅವೆಲ್ಲವನ್ನೂ ಒತ್ತೆ ಇಡಬೇಕಾಗಿಲ್ಲ. ಇಷ್ಟಾದರೆ ಬಸ್ಸಿನಿಂದಿಳಿದು ಎತ್ತ ಹೋಗಲೆಂದು ನಿಂತ ಪರಸ್ಥಳದವನಿಗೆ ಹಳೆಯ ಬೀಡಾ ಅಂಗಡಿಯವನಷ್ಟಾದರೂ ಉಪಕಾರ ಆ ಬರೆಹದಿಂದಾದೀತು. ಪುಂಡಿಪಲ್ಯವೂ ಪಟ್ಟಿಯಲ್ಲಿ ಉಳಿದೀತು.